ಅಲೆ ಮುಟ್ಟದ ಗುಹೆಯನ್ನು ಕೊರೆದದ್ದು ಯಾರು?

ಪ್ರಶ್ನೆ:
ಸ್ಕಾಟ್‌ಲ್ಯಾಂಡಿನ ಆರನ್ ದ್ವೀಪದಲ್ಲಿ ಕಿಂಗ್ಸ್ ಕೇವ್ ನೋಡಿ ಬಂದೆ. ದೊರೆ ರಾಬರ್ಟ್ ಬ್ರೂಸ್ ಇಲ್ಲೇ ಅಡಗಿದ್ದ, ಜೇಡ ಬಲೆ ನೇಯುವುದನ್ನು ನೋಡಿ ಧೈರ್ಯ ತಂದುಕೊಂಡ ಅನ್ನುತ್ತಾರೆ. ಇದೇ ಕಥೆ ಹೇಳುವ ಗುಹೆಗಳು ಬೇರೆ ಕಡೆಯೂ ಇವೆ, ಇರಲಿ ಬಿಡಿ. ನನ್ನ ತಲೆ ತಿಂದದ್ದು ಬೇರೆ. ಮರಳುಗಲ್ಲಿನ ಗುಹೆ, ಅಲೆಯೇ ಕೊರೆದ ಹಾಗಿದೆ. ಆದರೆ ಉಬ್ಬರದ ಹೊತ್ತಲ್ಲೂ ನೀರು ಕೆಳಗೇ ನಿಂತಿತ್ತು. ನಡುವೆ ದುಂಡು ಕಲ್ಲುಗಳು, ಹುಲ್ಲು. ಸಮುದ್ರ ಹಿಂದೆ ಸರಿಯಿತಾ?

ಉತ್ತರ 1:
ಮುಖ್ಯವಾಗಿ ನೆಲವೇ ಎದ್ದಿದೆ. ಹಿಮಯುಗದಲ್ಲಿ ಅಲ್ಲಿ ದಪ್ಪನೆಯ ಮಂಜುಗಡ್ಡೆ ಕೂತಿತ್ತು, ಆ ಭಾರಕ್ಕೆ ನೆಲ ತಗ್ಗಿತ್ತು. ನಾವು ಎದ್ದ ಮೇಲೆ ಹತ್ತಿ ಹಾಸಿಗೆ ಮೆಲ್ಲಗೆ ಉಬ್ಬುತ್ತದಲ್ಲ, ಹಾಗೆ ಗಡ್ಡೆ ಕರಗಿದ ಮೇಲೆ ನೆಲ ಏಳತೊಡಗಿತು. ಅದಕ್ಕೆ ಸಾವಿರಾರು ವರ್ಷ ಹಿಡಿಯಿತು, ಅಷ್ಟೇ ವ್ಯತ್ಯಾಸ. ಕರಗಿದ ನೀರು ಸಮುದ್ರವನ್ನೂ ಏರಿಸಿತು ಅನ್ನಿ. ಸುಮಾರು 6,000–7,000 ವರ್ಷಗಳ ಹಿಂದೆ ಸಮುದ್ರದ್ದೇ ಮೇಲುಗೈ, ಆಮೇಲೆ ನೆಲದ್ದು. ನೀವು ನಡೆದ ಹುಲ್ಲುದಂಡೆ ಆ ಕಾಲದ ಬೀಚು. ಆರನ್‌ನ ಕರಾವಳಿ ರಸ್ತೆಯೂ ಜಾಸ್ತಿ ಕಡೆ ಅದರ ಮೇಲೇ ಓಡುತ್ತದೆ.

ಉತ್ತರ 2:
ಒಂದು ಮಾತು ಸೇರಿಸುತ್ತೇನೆ. ಮರಳುಗಲ್ಲು ಅಂದ ಮಾತ್ರಕ್ಕೆ ಎಲ್ಲೆಂದರಲ್ಲಿ ಗುಹೆ ಆಗುವುದಿಲ್ಲ, ಬಿರುಕು ಇರಬೇಕು. ಅಲೆ ಬಡಿದಾಗ ಬಿರುಕಿನೊಳಗಿನ ಗಾಳಿ ಹಿಂಡಿಕೊಳ್ಳುತ್ತದೆ, ಅಲೆ ಸರಿದಾಗ ಒಮ್ಮೆಲೇ ಹಿಗ್ಗುತ್ತದೆ. ಹೀಗೆ ಲೆಕ್ಕವಿಲ್ಲದಷ್ಟು ಸಲ. ಜೊತೆಗೆ ಅಲೆ ಹೊತ್ತು ತರುವ ಕಲ್ಲುಗಳು ಬುಡವನ್ನು ಉಜ್ಜುತ್ತವೆ. ಸ್ಕಾಟ್‌ಲ್ಯಾಂಡಿನದೇ ಪೂರ್ವ ಕರಾವಳಿಯ ಫೈಫ್‌ನಲ್ಲಿರುವ ವೀಮ್ಸ್ ಗುಹೆಗಳೂ ಮರಳುಗಲ್ಲಿನವೇ, ಗೋಡೆಗಳ ಮೇಲೆ ಅಲ್ಲಿನ ಪ್ರಾಚೀನ ಪಿಕ್ಟ್ ಜನ ಕೆತ್ತಿದ ಗುರುತುಗಳಿವೆ. ಅಲ್ಲಿ ಈಗ ಕಡಲಕೊರೆತದ್ದೇ ಭಯ. ಕೊರೆದುಕೊಟ್ಟ ಸಮುದ್ರವೇ ವಾಪಸ್ ಕೇಳುತ್ತಿದೆ!

ಪ್ರಶ್ನೆ ಕೇಳಿದವರು:
ಅಯ್ಯೋ, ಆ ದಂಡೆ ಮೇಲೇ ಕೂತು ಬೂಟಿನಿಂದ ಕಲ್ಲು ಕೊಡವಿಕೊಂಡಿದ್ದೆ, ಹೊಳೆಯಲೇ ಇಲ್ಲ. ದಾರಿಯಲ್ಲಿ ಬಂಡೆ ಮೇಲೆ ಜೇನುಗೂಡಿನಂಥ ತೂತುಗಳಿದ್ದವು. ಅವೂ ಅಲೆಯ ಕೆಲಸವಾ?

ಉತ್ತರ 2:
ಅವು ಬಹುಪಾಲು ಉಪ್ಪಿನ ಕೆಲಸ. ಸಮುದ್ರದ ತುಂತುರು ಕಲ್ಲಿನೊಳಗೆ ಇಳಿದು ಒಣಗುತ್ತದೆ, ಉಪ್ಪು ಹರಳುಗಟ್ಟಿ ಮರಳಿನ ಕಣಗಳನ್ನು ಒಂದೊಂದಾಗಿ ಸಡಿಲ ಮಾಡುತ್ತದೆ. ಮುಂದಿನ ಸಲ ತೂತಿನೊಳಗೆ ಬೆರಳಾಡಿಸಿ ನೋಡಿ, ಮರಳು ಉದುರುವುದೂ ಉಂಟು. ಜೋರಾಗಿ ಮಾತ್ರ ಕೆರೆಯಬೇಡಿ.