ಅಪ್‌ಡೇಟ್: ಕೊನೆಗೂ ಕಾಲೇಜಿಗೆ ಹೋದೆ

ಕೊರೊನಾದಿಂದ ಕಾಲೇಜು ಮುಚ್ಚಿ, ಒಂದೂವರೆ ವರ್ಷ ಮಾಳಿಗೆ ಮೇಲೆ ನೆಟ್‌ವರ್ಕ್ ಹುಡುಕುತ್ತಾ ಆನ್‌ಲೈನ್ ಕ್ಲಾಸ್ ಕೇಳಿದವಳು ನಾನು. ಈಗ ವಿಜಯಪುರಕ್ಕೆ ಹೋಗಿ ಕ್ಲಾಸಿನಲ್ಲಿ ಕೂರೋಕೆ ಭಯ, ಆನ್‌ಲೈನೇ ಮುಂದುವರಿಸಲಾ ಅಂತ ಕೇಳಿದ್ದೆ. "ಒಂದು ವಾರ ಹೋಗಿ ನೋಡವ್ವ" ಅಂತ ಬಹಳ ಜನ ಹೇಳಿದ್ರಿ. ಹೋದೆ.

2021ರ ಜುಲೈ 26ರಿಂದ ಕಾಲೇಜು ಶುರು ಅಂದಿದ್ದರು, ಕನಿಷ್ಠ ಒಂದು ಡೋಸ್ ಲಸಿಕೆ ಆಗಿರಬೇಕಿತ್ತು. ಅದು ಆಗಿತ್ತು. ಬಸ್ಸಿನಲ್ಲಿ ದೂರದಿಂದ ಗೋಳಗುಮ್ಮಟ ಕಂಡಾಗ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು, ಸುಳ್ಳು ಹೇಳಲ್ಲ.

ಮೊದಲ ದಿನ ನಗೆಪಾಟಲಾಯಿತು. ಮೇಡಂ ಹಾಜರಿ ಕೂಗಿದರು. ನನ್ನ ನಂಬರ್ ಬಂದಾಗ ಕೈ ತಾನಾಗೇ ಫೋನಿಗೆ ಹೋಯಿತು, ಮೈಕ್ ಆನ್ ಮಾಡೋಕೆ! ಪಕ್ಕದವಳು ನೋಡಿಬಿಟ್ಟಳು. ಮಾಸ್ಕ್ ಒಳಗೇ ನಕ್ಕಳು. ಆ ನಗು ಕೇಳಿದ ಮೇಲೇ ಗೊತ್ತಾಗಿದ್ದು, ರಾತ್ರಿ ಹನ್ನೊಂದಕ್ಕೆ ನನಗೆ ನೋಟ್ಸ್ ಕಳಿಸುತ್ತಿದ್ದವಳು ಇವಳೇ ಅಂತ. ಡಿಪಿಯಲ್ಲಿ ಎತ್ತರ ಕಾಣಲ್ಲ ಅಲ್ವಾ, ನನ್ನ ಭುಜಕ್ಕೂ ಬರಲ್ಲ ಅವಳು.

ಮಧ್ಯಾಹ್ನ ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆ. ದೂರದೂರ ಕೂತವರು ಮೊದಲು ಸುಮ್ನೆ ನೋಡಿದರು. ಆಮೇಲೆ ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಒಬ್ಬೊಬ್ಬರೇ ಬಂದರು. ನನಗೆ ಉಳಿದದ್ದು ಒಂದೇ ರೊಟ್ಟಿ.

ಪಾಠ? ಮೂರು ತಾಸು ಒಂದೇ ಕಡೆ ಕೂರೋದು ಇನ್ನೂ ಕಷ್ಟ. ಕೈಯಲ್ಲಿ ಬರೆಯೋ ರೂಢಿಯೂ ತಪ್ಪಿದೆ. ಹಾಸ್ಟೆಲ್ ಇನ್ನೂ ಸಿಕ್ಕಿಲ್ಲ, ಓಡಾಟವೇ. ಸೋಮವಾರ ರೊಟ್ಟಿ ಜಾಸ್ತಿ ಕಟ್ಟು ಅಂತ ಅವ್ವನಿಗೆ ಹೇಳಿದ್ದೇನೆ.