ತುರ್ತು: ‘ಬ್ಯಾಲೆನ್ಸ್ಡ್’ ಸಾಕೆಟ್ಟಿಗೆ ಕನ್ನಡದಲ್ಲಿ ಏನು ಬರೆಯಿಸಲಿ?

ಹಾಸನದಿಂದ:

ಗೆಳೆಯರೆ, ನಾಳೆ ಬೆಳಿಗ್ಗೆ ಹನ್ನೊಂದರೊಳಗೆ ಕೆಲವು ಪದಗಳು ಬೇಕಾಗಿವೆ. ಮನೆಯ ಮಹಡಿ ಕೋಣೆಯಲ್ಲಿ ಭಜನೆ, ಗಮಕ, ಸುಗಮ ಸಂಗೀತದ ಧ್ವನಿಮುದ್ರಣಕ್ಕೆ ವ್ಯವಸ್ಥೆ ಮಾಡಿಕೊಂಡಿದ್ದೇನೆ. ಸಾಮಾನುಗಳೆಲ್ಲ ಬೇರೆ ಬೇರೆ ಕಾಲದವು: ಹಳೆಯ ಕ್ಯಾಸೆಟ್ ಡೆಕ್, ಆರ್ಕೆಸ್ಟ್ರಾದವರಿಂದ ಕೊಂಡ ಮಿಕ್ಸರ್, ಒಂದು ಕೀಬೋರ್ಡ್, ಧ್ವನಿಯನ್ನು ಕಂಪ್ಯೂಟರಿಗೆ ಒಯ್ಯುವ ಹೊಸ ಆಡಿಯೊ ಇಂಟರ್‌ಫೇಸ್. ಎಲ್ಲದರ ತಂತಿಗಳನ್ನೂ ಗೋಡೆಯ ಒಂದು ಹಲಗೆಗೆ ತಂದು ಸಾಕೆಟ್ಟುಗಳನ್ನು ಕೂರಿಸಿದ್ದೇನೆ. ಸಂಜೆ ಸಹಾಯಕ್ಕೆ ಬರುವ ಹುಡುಗರು ಕನ್ನಡ ಮಾಧ್ಯಮದವರು. ಯಾವುದನ್ನು ಎಲ್ಲಿ ಸಿಕ್ಕಿಸಬೇಕೆಂದು ಅವರಿಗೆ ಹಲಗೆಯೇ ಹೇಳಬೇಕು.

ಪದ ಬೇಕಾದದ್ದು ಇವಕ್ಕೆ: ಹೊರಗಿನ ಗದ್ದಲವನ್ನು ಕಳೆಯುವ ಬ್ಯಾಲೆನ್ಸ್ಡ್ ಜೋಡಣೆ ಮತ್ತು ಹಾಗೆ ಕಳೆಯದ ಅನ್‌ಬ್ಯಾಲೆನ್ಸ್ಡ್, ಲೈನ್ ಲೆವೆಲ್‌ನ (ಸಾಧನದಿಂದ ಸಾಧನಕ್ಕೆ ಹೋಗುವ ಸಂಕೇತದ ಬಲ) ಎರಡು ಬಗೆಗಳು, ಮತ್ತೆ ಗ್ರೌಂಡ್ ಲೂಪಿನಿಂದ, ಅಂದರೆ ಸಾಧನಗಳ ಅರ್ತಿಂಗ್ ಸಂಪರ್ಕಗಳು ಸುತ್ತುಗಟ್ಟಿದಾಗ, ಬರುವ ಹಮ್ ಎಂಬ ಗುಂಯ್ ಸದ್ದು. ‘ಸಮತೋಲಿತ’ ಎಂದು ಬರೆದು ಒಬ್ಬ ಹುಡುಗನಿಗೆ ತೋರಿಸಿದೆ. ‘ಆಹಾರದ ವಿಷಯವೇ?’ ಎಂದು ಕೇಳಿದ. ಸ್ಟಿಕ್ಕರಿನ ಪಟ್ಟಿ ಎರಡು ಬೆರಳು ಅಗಲವಿದೆ, ಅಷ್ಟರಲ್ಲಿ ಹಿಡಿಸಬೇಕು.

ಚಿಕ್ಕಮಗಳೂರಿನಿಂದ:

ಸಮತೋಲಿತವನ್ನು ಬಿಟ್ಟಿದ್ದು ಒಳ್ಳೆಯದಾಯಿತು. ಅದು ಪಠ್ಯಪುಸ್ತಕದವರು ಹೊರಿಸಿದ ಭಾರ. ಬ್ಯಾಲೆನ್ಸ್ಡ್ ತಂತಿಯಲ್ಲಿ ಸಂಕೇತಕ್ಕೆ ಎರಡು ಎಳೆ, ಇನ್ನೊಂದರಲ್ಲಿ ಒಂದೇ ಎಳೆ. ಆದ್ದರಿಂದ ಎರಡೆಳೆ, ಒಂದೆಳೆ. ಎರಡೆಳೆ ಸರ ಎಂದರೆ ಯಾವ ಅಕ್ಕಸಾಲಿಗನಿಗೂ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಮನಸ್ಸು ಇರುವುದು ‘ಈರೆಳೆ’ಯ ಕಡೆಗೆ. ಈರಾರು, ಈರೇಳು ಇದ್ದ ಹಾಗೆ ಈರೆಳೆ. ಸ್ವರದ ಮುಂದೆ ಈರ್, ವ್ಯಂಜನದ ಮುಂದೆ ಇಮ್ಮಡಿ, ಇಬ್ಬಗೆಯ ದಾರಿ. ಇಂಥ ಸೊಗಸಾದ ಕಟ್ಟು ನಮ್ಮಲ್ಲಿರುವಾಗ ಬೇರೆ ಕಡೆ ಕೈಚಾಚುವುದೇಕೆ?

ಹಮ್‌ಗೆ ಮೊರೆತ. ಗ್ರೌಂಡ್ ಲೂಪಿಗೆ ನೆಲಕುಣಿಕೆ. ಸಂಸ್ಕೃತವೂ ಬೇಡ, ಇಂಗ್ಲಿಷೂ ಬೇಡ.

ಅರಸೀಕೆರೆಯಿಂದ:

ಈರೆಳೆ ಬೇಡ. ಕತ್ತಲಲ್ಲಿ ಪಿನ್ ಹುಡುಕುವವನಿಗೆ ಹಳಗನ್ನಡ ಕಲಿಸುವ ಜಾಗ ಅದಲ್ಲ. ಬ್ಯಾಲೆನ್ಸ್ಡ್ ಎಂದೇ ಕನ್ನಡ ಲಿಪಿಯಲ್ಲಿ ಬರೆಯಿಸಿ.

ಸಕಲೇಶಪುರದಿಂದ:

ಇಬ್ಬರಿಗೂ ನನ್ನ ಒಪ್ಪಿಗೆ ಇಲ್ಲ. ಧ್ವನಿವರ್ಧಕದ ತಂತಿಗಳನ್ನು ಬೆಸುಗೆ ಹಾಕುತ್ತಲೇ ಬದುಕಿದವನು ನಾನು, ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಎಳೆ ಎಣಿಸಿ ಹೆಸರಿಡಲು ಬರುವುದಿಲ್ಲ. ಹೆಡ್‌ಫೋನಿನ ಪಿನ್ನನ್ನು ಕೈಯಲ್ಲಿ ಹಿಡಿದು ನೋಡಿ. ಲೋಹದ ಕಡ್ಡಿಯ ಮೇಲೆ ಎರಡು ಕಪ್ಪು ಗೆರೆ, ಮೂರು ಭಾಗ. ಬ್ಯಾಲೆನ್ಸ್ಡ್ ಜ್ಯಾಕಿಗೂ ಅವೇ ಎರಡು ಗೆರೆ, ಅವೇ ಮೂರು ಭಾಗ. ಹೆಡ್‌ಫೋನಿನಲ್ಲಿಯೂ ಎಳೆ ಎರಡೇ, ಆದರೆ ಒಂದು ಎಡಗಿವಿಗೆ, ಒಂದು ಬಲಗಿವಿಗೆ. ಯಾವುದಾದರೂ ಸಾಧನದ ಹೆಡ್‌ಫೋನ್ ತೂತಿನಿಂದ ತಂತಿ ಎಳೆದು ‘ಎರಡೆಳೆ’ ಎಂದು ಬರೆದ ಸಾಕೆಟ್ಟಿಗೆ ಹುಡುಗ ಸಿಕ್ಕಿಸಿದ ಎನ್ನಿ. ಬ್ಯಾಲೆನ್ಸ್ಡ್ ಸಾಕೆಟ್ಟಿನ ಕೆಲಸವೇ ಒಂದೆಳೆಯಿಂದ ಇನ್ನೊಂದನ್ನು ಕಳೆಯುವುದು. ಎಡಬಲಗಳಲ್ಲಿ ಸಮನಾಗಿರುವುದೆಲ್ಲ ಅಳಿಸಿಹೋಗುತ್ತದೆ. ನಟ್ಟನಡುವೆ ಕೂರಿಸಿದ ಹಾಡುಗಾರನ ದನಿಯೇ ಮೊದಲು ಮಾಯವಾಗುತ್ತದೆ. ಆ ಹುಡುಗನ ತಪ್ಪೇನು? ಚೀಟಿ ಎರಡೆಳೆ ಎಂದಿತು, ಅವನ ಕೈಯಲ್ಲಿಯೂ ಎರಡೆಳೆಯೇ ಇತ್ತು.

‘ಎರಡು ಎಳೆಗಳಲ್ಲಿ ಒಂದೇ ಸಂಕೇತ ತಲೆಕೆಳಗಾಗಿ ಹರಿಯುತ್ತದೆ, ಎದುರೆಳೆ ಎನ್ನೋಣ’ ಎಂದು ಯಾರಾದರೂ ಬರುವ ಮೊದಲೇ ಹೇಳುತ್ತೇನೆ, ಅದೂ ನಿಲ್ಲುವುದಿಲ್ಲ. ಕೆಲವು ಯಂತ್ರಗಳಲ್ಲಿ ಸಂಕೇತ ಒಂದೇ ಎಳೆಯಲ್ಲಿ ಬರುತ್ತದೆ, ಇನ್ನೊಂದನ್ನು ಅಷ್ಟೇ ರೋಧದ ಮೂಲಕ ನೆಲಕ್ಕೆ ಕಟ್ಟಿರುತ್ತಾರೆ. ಅದೂ ಬ್ಯಾಲೆನ್ಸ್ಡ್ ತಂತಿಯೇ. ನೆಲದ ಕಡೆಗೆ ಎರಡೂ ಎಳೆಗಳಿಗೆ ಸಮನಾದ ತಡೆ ಇದ್ದರೆ ಹೊರಗಿನ ಗದ್ದಲ ಎರಡಕ್ಕೂ ಸಮನಾಗಿ ಅಂಟುತ್ತದೆ. ಕಳೆದಾಗ ಗದ್ದಲ ಹೋಗುತ್ತದೆ, ಸಂಕೇತ ಉಳಿಯುತ್ತದೆ. ಇದರ ತಿರುಳು ತೂಕದಲ್ಲಿದೆ, ಎಣಿಕೆಯಲ್ಲಿಲ್ಲ.

ಅದಕ್ಕೆ ಕನ್ನಡದಲ್ಲಿ ಪದ ಹುಟ್ಟಿಸಬೇಕಾಗಿಲ್ಲ. ‘ಸರಿದೂಗು’ ಇದೆ. ಸರಿ, ತೂಗು, ಆದೇಶಸಂಧಿ. ಖರ್ಚುವೆಚ್ಚ ಸರಿದೂಗಿಸುವುದು ಗೊತ್ತಿಲ್ಲದ ಮನೆ ಎಲ್ಲಿದೆ? ತೂಗುಸೇತುವೆ, ತೂಗುಮಂಚಗಳಲ್ಲಿ ಧಾತುವೇ ನಾಮಪದಕ್ಕೆ ಅಂಟಿ ನಿಂತಿದೆ. ಹಾಗೆಯೇ ‘ಸರಿದೂಗು ಸಾಕೆಟ್’. ಆದರೆ ಇನ್ನೊಂದಕ್ಕೆ ‘ಸರಿದೂಗದ’ ಎಂದು ಬರೆಯಿಸಬೇಡಿ. ತೋಳಳತೆಯ ದೂರದಲ್ಲಿ, ಮಂದ ಬೆಳಕಿನಲ್ಲಿ ‘ಗು’ ಮತ್ತು ‘ಗ’ ಒಂದೇ ಆಗಿ ಕಾಣುತ್ತವೆ. ಅದಕ್ಕೆ ‘ಒಂಟಿ’ ಸಾಕು.

ಇನ್ನು ಲೆವೆಲ್. ಕ್ಯಾಸೆಟ್ ಡೆಕ್ಕಿನಂಥ ಮನೆಯ ಸಾಧನಗಳ ಅಳತೆ 0.316 ವೋಲ್ಟ್, ಸ್ಟುಡಿಯೊ ಸಾಧನಗಳದು 1.23 ವೋಲ್ಟ್. ಸುಮಾರು 12 ಡೆಸಿಬೆಲ್ ಅಂತರ. ಮೇಲ್ಮಟ್ಟ, ಕೆಳಮಟ್ಟ ಎಂದು ಬರೆದರೆ ಡೆಕ್ಕನ್ನು ಕಳಪೆ ಎಂದ ಹಾಗಾಗುತ್ತದೆ. ‘ಮನೆ ಮಟ್ಟ’, ‘ಸ್ಟುಡಿಯೊ ಮಟ್ಟ’ ಎನ್ನಿ. ಸ್ಟುಡಿಯೊ ಮಟ್ಟವನ್ನು ಮನೆ ಮಟ್ಟದ ತೂತಿಗೆ ಕೊಟ್ಟರೆ ಸದ್ದು ಒಡೆಯುತ್ತದೆ. ತಿರುಗಿಸಿ ಕೊಟ್ಟರೆ ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಏರಿಸಬೇಕು, ಜೊತೆಗೆ ಸುಯ್‌ಗುಟ್ಟುವ ಸದ್ದೂ ಏರುತ್ತದೆ.

ಹಮ್‌ಗೆ ಒಂದು ಪದ ಬರೆದು ಕೈತೊಳೆದುಕೊಳ್ಳಬೇಡಿ. ನಮ್ಮ ಮನೆಗಳ ವಿದ್ಯುತ್ತು 50 ಹರ್ಟ್ಸ್, ಗುಂಯ್ ಎನ್ನುವ ಸದ್ದು ಕೇಳಿಸುವುದು 50ರಲ್ಲಿ, ಅದರ ಇಮ್ಮಡಿ 100ರಲ್ಲಿ. ಅದನ್ನು ನಿಲ್ಲಿಸಲು ಅರ್ತಿಂಗ್ ಪಿನ್ ಕಿತ್ತು ಹಾಕುವವರನ್ನು ಬೇಕಾದಷ್ಟು ನೋಡಿದ್ದೇನೆ. ಸದ್ದು ನಿಲ್ಲಬಹುದು, ಆದರೆ ಯಂತ್ರದೊಳಗೆ ತಂತಿ ಬಿಟ್ಟುಕೊಂಡ ದಿನ ಮೈಕ್ ಹಿಡಿದವನ ಜೀವ ಹೋಗುತ್ತದೆ. ಎಲ್ಲ ಸಾಧನಗಳಿಗೂ ಒಂದೇ ಕಡೆಯಿಂದ ವಿದ್ಯುತ್ತು ಕೊಡಿ. ಆಗಲೂ ಸದ್ದು ನಿಲ್ಲದಿದ್ದರೆ ಸಂಕೇತದ ದಾರಿಯಲ್ಲಿ, ಎರಡು ಕಡೆಯ ತಂತಿಗಳು ಒಂದಕ್ಕೊಂದು ತಾಗದಂತೆ ಸಂಕೇತವನ್ನು ದಾಟಿಸುವ ಆಡಿಯೊ ಟ್ರಾನ್ಸ್‌ಫಾರ್ಮರ್ ಹಾಕಿ. ಹಲಗೆಯ ಮೇಲೆ ಅದಕ್ಕೆ ಪೂರ್ತಿ ವಾಕ್ಯವೇ ಇರಲಿ.

ಚಿಕ್ಕಮಗಳೂರಿನಿಂದ:

ಸರಿದೂಗು ಒಪ್ಪಿದೆ. ಆದರೆ ಸಾಕೆಟ್, ಸ್ಟುಡಿಯೊ, ಗೇನ್, ಟ್ರಾನ್ಸ್‌ಫಾರ್ಮರ್ ಎಲ್ಲವನ್ನೂ ಹಾಗೆಯೇ ಬಿಟ್ಟರೆ ಹಲಗೆಯಲ್ಲಿ ಕನ್ನಡಕ್ಕೆ ಉಳಿಯುವುದು ಪ್ರತ್ಯಯ ಮಾತ್ರ. ರೇಡಿಯೊಗೆ ಬಾನುಲಿ ಎಂದು ಕಟ್ಟಿದವರು ನಮ್ಮವರೇ. ಅವರಿಗಿದ್ದ ಛಲ ನಮಗೇಕಿಲ್ಲ?

ಬೇಲೂರಿನಿಂದ:

ಬಾನುಲಿ ಚೆಲುವಾದ ಪದ. ಆದರೂ 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತೆರೆದ ಕೇಂದ್ರದ ಹೆಸರು ಆಕಾಶವಾಣಿ, ಇಂದು ಹಾಸನದಲ್ಲಿ ನಾವು 102.2ರಲ್ಲಿ ಕೇಳುವುದೂ ಆಕಾಶವಾಣಿ. ಅದು ಸಂಸ್ಕೃತವೆಂದು ಯಾರೂ ಕಿವಿ ಮುಚ್ಚಿಕೊಂಡಿಲ್ಲ. ಇನ್ನೂ ಹಿಂದಕ್ಕೆ ಹೋಗೋಣ. ಹಲ್ಮಿಡಿ ನಮ್ಮ ತಾಲ್ಲೂಕಿನದು. ಕ್ರಿ.ಶ. 450ರ ಸುಮಾರಿನ ಆ ಕಲ್ಲು ಶುರುವಾಗುವುದೇ ಸಂಸ್ಕೃತ ಪದಗಳ ಸಾಲಿನಿಂದ. ಎರವಲು ಬೇಡವೆನ್ನುವವರು ಮೊದಲು ಆ ಕಲ್ಲಿನ ಜೊತೆ ಜಗಳವಾಡಬೇಕು. ನಿಮ್ಮ ಊರಿನ ಕಾಫಿ ತೋಟಗಳಲ್ಲಿ ಲೆಕ್ಕ ಬರೆಯುವವರು ರೈಟರು, ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಪಲ್ಪರ್. ಆಳುಗಳು ದಿನವೂ ಆಡುವ ಮಾತುಗಳಿವು. ಇವನ್ನು ಕನ್ನಡವಲ್ಲ ಎಂದರೆ ಆಡುವವರನ್ನು ಏನೆಂದು ಕರೆಯುತ್ತೀರಿ?

ಚಿಕ್ಕಮಗಳೂರಿನಿಂದ:

ಬಂದದ್ದನ್ನು ಬೇಡವೆಂದೆನೇ? ಇದ್ದದ್ದನ್ನು ಬಳಸಿ ಎಂದೆ. ಎರಡಕ್ಕೂ ವ್ಯತ್ಯಾಸವಿದೆ. ಹಲ್ಮಿಡಿಯನ್ನು ಎಲ್ಲ ಚರ್ಚೆಗೂ ಎಳೆದು ತರಬೇಡಿ.

ಹಾಸನದಿಂದ:

ಪಠ್ಯ ಕಳುಹಿಸಿ ಆಯಿತು. ‘ಸರಿದೂಗು’, ‘ಒಂಟಿ’, ‘ಮನೆ ಮಟ್ಟ’, ‘ಸ್ಟುಡಿಯೊ ಮಟ್ಟ’. ಕೆಳಗೆ ಕೆಂಪಿನಲ್ಲಿ: ‘ಮೊರೆತ ಕೇಳಿಸಿದರೆ ಅರ್ತಿಂಗ್ ಪಿನ್ ಕೀಳಬಾರದು.’ ಮೊರೆತವನ್ನು ಹುಡುಗರು ಕೇಳಿದ ಕೂಡಲೇ ಹಿಡಿದರು, ಅದನ್ನು ಕೊಟ್ಟ ಚಿಕ್ಕಮಗಳೂರಿನವರಿಗೆ ಋಣಿ. ನೆಲಕುಣಿಕೆಗೆ ಈ ಸಲ ಜಾಗವಿಲ್ಲ. ಕಂಡೆನ್ಸರ್ ಮೈಕಿಗೆ ವಿದ್ಯುತ್ತು ಕೊಡುವ ಫ್ಯಾಂಟಮ್ ಗುಂಡಿಗೆ ‘ಭೂತವಿದ್ಯುತ್’ ಎಂದು ಒಬ್ಬರು ನನಗೆ ಬೇರೆಯಾಗಿ ಬರೆದಿದ್ದಾರೆ. ಬೇಡ. ಗುಂಡಿಯ ಮೇಲೆ 48 ಎಂಬ ಅಂಕಿ ಇದೆ, ಚೀಟಿಯಲ್ಲಿಯೂ ‘48 ವೋಲ್ಟ್’ ಎಂದೇ ಇರುತ್ತದೆ.

ತಂತಿಯ ಮೇಲಿನ ಹೆಣೆದ ಲೋಹದ ಹೊದಿಕೆಗೆ ಬೆಸುಗೆ ಹಾಕುವವರು ಏನೆನ್ನುತ್ತಾರೆ? ಸಕಲೇಶಪುರದವರು ತಿಳಿಸಬೇಕು.

ಸಕಲೇಶಪುರದಿಂದ:

ಶೀಲ್ಡ್ ಎನ್ನುತ್ತೇವೆ.

ಚಿಕ್ಕಮಗಳೂರಿನಿಂದ:

ಹೆಣಿಗೆ ಎನ್ನಬಹುದು.