ಊರಿನ ಓಟು ಹುಬ್ಬಳ್ಳಿಗೆ ತರಬೇಕಾ, ಅಲ್ಲೇ ಬಿಡಬೇಕಾ?

ಲೇತ್ ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮದು ಶಿಗ್ಗಾವಿ ತಾಲೂಕಿನ ಒಂದು ಹಳ್ಳಿ. ಆರು ವರ್ಷದಿಂದ ಹುಬ್ಬಳ್ಳಿ ಗೋಕುಲ ರೋಡಿನಲ್ಲಿ ಬಾಡಿಗೆ ಮನೆ, ಅಲ್ಲೇ ಹತ್ತಿರ ಲೇತ್ ಕೆಲಸ. ಓಟು ಮಾತ್ರ ಇನ್ನೂ ಊರಲ್ಲೇ ಇದೆ. 2023ರ ಮೇ 10ಕ್ಕೆ ಹೋದೆ, 2024ರ ಮೇ 7ಕ್ಕೆ ಹೋದೆ, ಅದೇ ವರ್ಷ ನವೆಂಬರ್ 13ರ ಉಪಚುನಾವಣೆಗೂ ಹೋದೆ. ಉಪಚುನಾವಣೆ ದಿನ ಹುಬ್ಬಳ್ಳಿಯಲ್ಲಿ ಎಲ್ಲ ಮಾಮೂಲಿ ಅಲ್ವಾ, "ಅಲ್ಲಿ ಎಲೆಕ್ಷನ್ ಆದ್ರ ಇಲ್ಲಿ ಯಾಕ ಸೂಟಿ?" ಅಂತ ಮಾಲಕರು ಒಂದು ದಿನದ ಪಗಾರ ಹಿಡಿದರು.

ಹೆಸರು ಇಲ್ಲಿಗೇ ತರೋಣ ಅಂದರೆ ಅವ್ವ ಒಪ್ಪುತ್ತಿಲ್ಲ. "ಹೊಲ ಮನಿ ಇಲ್ಲೈತಿ. ಹೆಸರು ತಗಸಿದ್ರ ನಾಳೆ ನೀ ಊರವನs ಅಲ್ಲ ಅಂತಾರ." ಕಾಕಾ ಇನ್ನೂ ಜೋರು: "ಎರಡೂ ಕಡೆ ಇರ್ಲಿ ಬಿಡೋ, ಯಾರ ನೋಡ್ತಾರ!"

ಯಾವ ಫಾರ್ಮ್ ತುಂಬಬೇಕು, 6ಓ 8ಓ? ಇನ್ನೊಂದು ತೊಡಕು. ಹೆಸ್ಕಾಂ ಕರೆಂಟ್ ಬಿಲ್ ಮನೆ ಮಾಲಕರ ಹೆಸರಲ್ಲಿದೆ. ಬಾಡಿಗೆ ಕರಾರು ನೋಂದಣಿ ಆಗಿಲ್ಲ. ಆಧಾರದಲ್ಲಿ ಊರಿನ ವಿಳಾಸವೇ ಇದೆ.

ನಿವೃತ್ತ ಮಾಸ್ತರ, ಧಾರವಾಡ:
ತಮ್ಮಾ, ಒಂಬತ್ತು ವರ್ಷ ಬಿಎಲ್‌ಓ, ಅಂದರೆ ಮತಗಟ್ಟೆಯ ಮತದಾರರ ಪಟ್ಟಿ ನೋಡಿಕೊಳ್ಳುವ ಕೆಲಸ ಮಾಡಿದವನು ನಾನು. ನಿಮ್ಮ ಕಾಕಾನ ಮಾತು ಮೊದಲು ಮರೆತುಬಿಡು. ಒಬ್ಬರ ಹೆಸರು ಎರಡು ಕಡೆ ಇರುವಂತಿಲ್ಲ. ಅರ್ಜಿಯಲ್ಲಿ ಸುಳ್ಳು ಬರೆದು ಸಹಿ ಹಾಕಿದರೆ 1950ರ ಜನಪ್ರಾತಿನಿಧ್ಯ ಕಾಯ್ದೆಯ 31ನೇ ಕಲಮಿನ ಪ್ರಕಾರ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.

ಫಾರ್ಮ್ 6 ಹೊಸಬರಿಗೆ. ನಿನ್ನದು ಫಾರ್ಮ್ 8. ಮೊದಲು ಬೇರೆ ಕ್ಷೇತ್ರಕ್ಕೆ ಹೋದವರೂ 6 ತುಂಬಬೇಕಿತ್ತು, 2022ರ ಆಗಸ್ಟಿನಿಂದ ಅದು ಬದಲಾಗಿದೆ. ಬಹಳ ಮಂದಿ ಇನ್ನೂ ಹಳೆಯದನ್ನೇ ಹೇಳುತ್ತಾರೆ. 8 ತುಂಬಿದರೆ ಊರಿನ ಹೆಸರು ತೆಗೆದು ಇಲ್ಲಿ ಸೇರಿಸುತ್ತಾರೆ, ಕಾರ್ಡಿನ ನಂಬರ್ ಅದೇ ಉಳಿಯುತ್ತದೆ.

ಇನ್ನು ನಿಮ್ಮ ಅವ್ವನ ಮಾತು. ಹೊಲದ ಉತಾರಕ್ಕೂ (ಪಹಣಿ) ಓಟಿಗೂ ಸಂಬಂಧ ಇಲ್ಲ, ಹೊಲ ಎಲ್ಲಿಗೂ ಹೋಗುವುದಿಲ್ಲ. ಊರಲ್ಲಿ ಸ್ವಂತ ಮನೆ ಇದೆ ಅಂದಮಾತ್ರಕ್ಕೆ ಅಲ್ಲಿನ ಮತದಾರ ಆಗುವುದಿಲ್ಲ, ನೀನು ವಾಸ ಇರುವುದು ಎಲ್ಲಿ ಅನ್ನುವುದೇ ಮುಖ್ಯ. ಆದರೆ ಆಕೆಯ ಅಂಜಿಕೆ ಪೂರ್ತಿ ಸುಳ್ಳಲ್ಲ. ಗ್ರಾಮ ಪಂಚಾಯ್ತಿ ಪಟ್ಟಿಯೂ ವಿಧಾನಸಭೆ ಪಟ್ಟಿಯಿಂದಲೇ ಆಗುವುದು. ಹೆಸರು ತಂದರೆ ಪಂಚಾಯ್ತಿಗೆ ಓಟು ಹಾಕಲಿಕ್ಕೂ ಆಗುವುದಿಲ್ಲ, ನಿಲ್ಲಲಿಕ್ಕೂ ಆಗುವುದಿಲ್ಲ. ಅದರ ಬದಲು ಇಲ್ಲಿ ಪಾಲಿಕೆಯ ಒಂದು ವಾರ್ಡು ನಿನ್ನದಾಗುತ್ತದೆ. ಎಂಪಿ ಓಟಿಗೆ ಏನೂ ಫರಕಿಲ್ಲ, ಶಿಗ್ಗಾವಿ ಹಾವೇರಿ ಜಿಲ್ಲೆಯಾದರೂ ಲೋಕಸಭೆಗೆ ಧಾರವಾಡಕ್ಕೇ ಸೇರಿದೆ.

ದಾಖಲೆ ಬೇಕಲ್ಲ, ಗ್ಯಾಸ್ ಕನೆಕ್ಷನ್ ಯಾರ ಹೆಸರಲ್ಲಿದೆ? ವರ್ಷ ತುಂಬಿದ್ದರೆ ನಡೆಯುತ್ತದೆ. ಇಲ್ಲಿನ ವಿಳಾಸ ಇರುವ ಬ್ಯಾಂಕ್ ಪಾಸ್‌ಬುಕ್ ಆದರೂ ಆದೀತು.

ಗದಗಿನಾಕಿ:
ಮಾಸ್ತರ ಪಗಾರದ ವಿಷಯ ಮರೆತರು. 1951ರ ಜನಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಮು ನೋಡಿ. ಮತದಾನದ ದಿನ ಪಗಾರ ಹಿಡಿಯದೆ ರಜೆ ಕೊಡಬೇಕು, ಕೆಲಸ ಬೇರೆ ಊರಲ್ಲಿದ್ದರೂ ಅಷ್ಟೇ, ಉಪಚುನಾವಣೆಗೂ ಅಷ್ಟೇ. ಕೊಡದ ಮಾಲಕರಿಗೆ ದಂಡ ಎಷ್ಟು ಗೊತ್ತಾ? 500 ರೂಪಾಯಿಯವರೆಗೆ! ನಿಮ್ಮ ಪಗಾರ ಅದಕ್ಕಿಂತ ಜಾಸ್ತಿ ಇದ್ದೀತು.

ಲೇತ್ ಹುಡುಗ:
ಹೌದ್ರೀ ಅಕ್ಕಾರ, ಜಾಸ್ತಿನೇ ಇದೆ. ಸುಮ್ನೆ ಬಿಟ್ಟೆ.

ಮಾಸ್ತರೇ, ಪಾಸ್‌ಬುಕ್ಕಿನಲ್ಲೂ ಊರಿನ ವಿಳಾಸವೇ ಇದೆ. ಗ್ಯಾಸ್ ನಮ್ಮ ಮನೆಯವಳ ಹೆಸರಲ್ಲಿದೆ, ಮೂರು ವರ್ಷ ಆಯಿತು. ಆಕೆಯ ಓಟು ಇನ್ನೂ ತವರುಮನೆ ನರಗುಂದದಲ್ಲಿದೆ.

ಗದಗಿನಾಕಿ:
ನರಗುಂದದ ಕಥೆ ಇನ್ನೂ ಮಜಾ. ಜಿಲ್ಲೆ ಗದಗ, ಎಂಪಿ ಬಾಗಲಕೋಟೆಯವರು.

ನಿವೃತ್ತ ಮಾಸ್ತರ, ಧಾರವಾಡ:
ಹಂಗಾದರೆ ಸುಲಭ. ಮೊದಲು ಆಕೆಯ ಫಾರ್ಮ್ 8 ಹಾಕಿಸು, ಗ್ಯಾಸ್ ಕಾಗದ ಹಚ್ಚು. ಗಂಡ ಅಥವಾ ಹೆಂಡತಿಯ ಹೆಸರಿನ ದಾಖಲೆ ನಡೆಯುತ್ತದೆ, ಆದರೆ ಅವರು ಅದೇ ವಿಳಾಸದಲ್ಲಿ ಮೊದಲೇ ಮತದಾರರಾಗಿರಬೇಕು. ಆಕೆಯದು ಆದಮೇಲೆ ನಿನ್ನದು. ಚುನಾವಣೆ ಘೋಷಣೆ ಆಗುವವರೆಗೆ ಕಾಯಬೇಡ, ನಾಮಪತ್ರದ ಕೊನೆ ದಿನ ದಾಟಿದರೆ ಪಟ್ಟಿಗೆ ಕೈ ಹಚ್ಚುವುದಿಲ್ಲ. ಸಂಶಯ ಬಂದರೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡು.

ಲೇತ್ ಹುಡುಗ:
ರಾತ್ರಿ ಕೂತು ಮೊಬೈಲಿನಲ್ಲೇ ಆಕೆಯದು ಹಾಕಿದೆವು. ಅವ್ವನಿಗೆ ಇನ್ನೂ ಹೇಳಿಲ್ಲ. ಮನೆಯವಳು ಮಾತ್ರ ಬೆಳಗ್ಗೆಯಿಂದ ಒಂದೇ ಸಮ ಅನ್ನುತ್ತಿದ್ದಾಳೆ: "ಈ ಮನ್ಯಾಗ ಮೊದಲ ಮತದಾರಳು ನಾನs. ನಿಮ್ಮದು ಆಮ್ಯಾಲ ನೋಡೋಣ."